ಮುಂದಿನ ಚಾದಂಗಡಿ ತನಕ

ಮಾಘ ಮಾಸ ಬಂತೆಂದರೆ ನನ್ನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಕಬ್ಬಿನ ಕಟಾವು ಇನ್ನೂ ನಡೆದಿರುತ್ತದೆ, ಜೋಳ ತೆನೆ ಕಟ್ಟಿರುತ್ತದೆ, ಬಿಸಿಲಿಗೆ ಇನ್ನೂ ಚುರುಕು ಬಂದಿರುವುದಿಲ್ಲ. ನಸುಕಿನಲ್ಲಿ ಚಿಕ್ಕೋಡಿ ಬಿಟ್ಟರೆ ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ಹಾಯ್ದು ಮೂರನೆಯ ದಿನ ಕಾಗವಾಡ. ಹೆಗಲಿಗೊಂದು ಚೀಲ, ಅದರಲ್ಲಿ ಎರಡು ಜೊತೆ ಅರಿವೆ, ಕಟಕು ರೊಟ್ಟಿ, ಶೇಂಗಾ ಹಿಂಡಿ. ದಾರಿಯ ಲೆಕ್ಕವೆಲ್ಲ ಚಾದ್ದು. ರಾಯಬಾಗ ಮುಟ್ಟಲು ನನಗೆ ಐದು ಚಾ ಬೇಕು.

ಕಾಲಿಗೆ ಅಥಣಿಯ ಚಪ್ಪಲಿ. ಕೊಲ್ಹಾಪುರಿ ಎಂದು ಲೋಕವೆಲ್ಲ ಕರೆಯುವ ಈ ಚಪ್ಪಲಿ ಹೊಲಿಯುವ ಕೈಗಳು ಅಥಣಿ, ಮದಭಾವಿ, ನಿಪ್ಪಾಣಿಯಲ್ಲೂ ಇವೆ. ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ ಸೇರಿ ನಮ್ಮ ನಾಲ್ಕು ಜಿಲ್ಲೆಗಳೂ ಅದರಲ್ಲಿ ಸೇರಿದವು. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲು ಮೊದಮೊದಲು ಕಚ್ಚುತ್ತದೆ. ಒಂದು ವರ್ಷ ಹೊಸ ಜೋಡು ಮೆಟ್ಟಿ ಹೊರಟು, ರಾಯಬಾಗ ಇನ್ನೂ ದೂರವಿರುವಾಗಲೇ ಹೆಬ್ಬೆರಳಿನ ಬುಡ ಬೊಬ್ಬೆ ಎದ್ದಿತು. ಚಾದಂಗಡಿಯ ಅಕ್ಕ ನೋಡಿ, ಕೇಳದೆಯೇ ಕೊಬ್ಬರಿ ಎಣ್ಣೆಯಲ್ಲಿ ಅರಿಷಿಣ ಕಲಸಿ ತಂದಳು. "ಚಪ್ಪಲಿಗೂ ಒಂದೀಟು ಹಚ್ಚರಿ, ಅದಕ್ಕೂ ಹಸಿವು ಇರತೈತಿ" ಅಂದಳು. ಅಂದಿನಿಂದ ಹೊರಡುವ ಹದಿನೈದು ದಿನ ಮೊದಲೇ ಎಣ್ಣೆ ಕುಡಿಸುತ್ತೇನೆ. ಈಗ ಆ ತೊಗಲಿಗೆ ನನ್ನ ಪಾದದ ಅಚ್ಚು ಬಿದ್ದಿದೆ.

ಈ ಸೀಮೆಯಲ್ಲಿ ನಡೆಯುವವನನ್ನು ಜನ ನಡೆಯಲು ಬಿಡುವುದಿಲ್ಲ. ಹತ್ತು ಮಾರಿಗೊಂದು ಮೋಟರ್‌ಸೈಕಲ್ ನಿಲ್ಲುತ್ತದೆ. "ಹತ್ತರಿ ಕಾಕಾ, ಬಿಡ್ತೀನಿ." ಬೇಡವೆಂದರೆ ಮೋರೆ ಸಣ್ಣದಾಗುತ್ತದೆ. ಅದಕ್ಕೇ ನಿಂತು, ನಾಲ್ಕು ಮಾತಾಡಿ, ಅವರ ಊರು ಕೇಳಿ ಕಳಿಸಬೇಕು. ನಡಿಗೆ ತಡವಾಗುವುದು ಇದರಿಂದಲೇ. ಆ ತಡ ನನಗೆ ಇಷ್ಟ.

ಚಿಂಚಲಿಯ ಹೊರಗಿನ ತಗಡಿನ ಚಾದಂಗಡಿ ನನಗೆ ಎಲ್ಲಕ್ಕಿಂತ ಮೆಚ್ಚು. ಹಾಲು ಉಕ್ಕಿ ಬರುವಾಗ ಅಂಗಡಿಯಾತ ಹಸಿಶುಂಠಿ ಜಜ್ಜಿ ಹಾಕುತ್ತಾನೆ, ಚಾದ ಬಣ್ಣಕ್ಕೆ ತಿರುಗಿದ ಅರಿವೆಯಲ್ಲಿ ಸೋಸಿ, ಹಿಂಡಿ, ಕಪ್ಪು ತುಂಬಿ ಬಶಿಯೊಳಗೆ ನಾಲ್ಕು ಹನಿ ಚೆಲ್ಲುವಂತೆ ಕೊಡುತ್ತಾನೆ. ಚೆಲ್ಲದಿದ್ದರೆ ಕೈ ಬಿಗಿ ಹಿಡಿದನೆಂದು ಅರ್ಥ. ಬಶಿಗೆ ಸುರುವಿಕೊಂಡು, ಊದಿ, ಸುರ್ರೆಂದು ಎಳೆದಾಗ ಶುಂಠಿಯ ಖಾರ ಮೊದಲು ಗಂಟಲಿಗೆ, ಆಮೇಲೆ ಮೊಣಕಾಲಿಗೆ ಇಳಿಯುತ್ತದೆ. ಜೊತೆಗೆ ಬಿಸಿ ಕಾಂದಾ ಭಜಿ, ಒಂದು ಹಿಡಿ ಚುರಮುರಿ.

ಅಲ್ಲಿ ಒಮ್ಮೆ ಹಳದಿ ಪಟಗದ ಮುತ್ಯಾ ಒಬ್ಬರು ಕೇಳಿದರು: "ಯಾವೂರು? ಯಾರ ಪೈಕಿ?" ಹೇಳಿದೆ.

"ಮಾಯಕ್ಕಗ ಹರಕಿ ಏನು?"

"ಹರಕಿ ಇಲ್ರಿ ಮುತ್ಯಾ. ಸುಮ್ಮ ಹೊಂಟೇನಿ."

ಅವರು ನನ್ನ ಚಪ್ಪಲಿಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಚಿಂಚಲಿಯ ದೇವಿ ಮಾಯಕ್ಕನ ಭಾರತ ಹುಣ್ಣಿಮೆಯ ಜಾತ್ರೆ ಬಂತು ಮಾತಿಗೆ. ಸಣ್ಣವರಿದ್ದಾಗ ಅಪ್ಪನ ಬಂಡಿಯ ಹಿಂದೆ ನಡೆದು ಬಂದದ್ದು, ಕೊಲ್ಹಾಪುರ, ಸಾಂಗಲಿ ಕಡೆಯ ಬಂಡಿಗಳು ಸಾಲುಗಟ್ಟಿದ್ದು, ಭಂಡಾರ ಎರಚಿ ಎತ್ತಿನ ಬೆನ್ನೂ ಹಳದಿಯಾದದ್ದು. ಎತ್ತುಗಳ ಹೆಸರು ಹೇಳಿ ಮುಗಿಸುವ ಹೊತ್ತಿಗೆ ನನ್ನ ಚಾದ ದುಡ್ಡು ಅವರೇ ಕೊಟ್ಟಾಗಿತ್ತು.

ಕುಡಚಿ ದಾಟಿದರೆ ಕೃಷ್ಣೆ. ಮಾಘದಲ್ಲಿ ಹೊಳೆ ಎಷ್ಟು ಸೌಮ್ಯ ಎಂದರೆ ಸೇತುವೆ ಮೇಲೆ ನಿಂತವನಿಗೆ ಅರಿವೆ ಒಗೆಯುವ ಸಪ್ಪಳವೂ ಕೇಳುತ್ತದೆ. ಆದರೆ ದಂಡೆಯ ಚಾದಂಗಡಿಯವ ತನ್ನ ಗೋಡೆಯಲ್ಲಿ ಎದೆಯೆತ್ತರಕ್ಕೆ ಉಳಿದ ಕಂದು ಗೆರೆ ತೋರಿಸುತ್ತಾನೆ: 2019ರ ಆಗಸ್ಟಿನ ನೆರೆ. ಸುಣ್ಣ ಹೊಡೆಯುವಾಗ ಆ ಗೆರೆಯನ್ನು ಬೇಕೆಂದೇ ಬಿಟ್ಟಿದ್ದಾನೆ. ಆಚೆ ಉಗಾರದಲ್ಲಿ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿಗಳ ಸಾಲು, ಗಾಳಿಯಲ್ಲಿ ಕಾಕಂಬಿಯ ಹುಳಿ ವಾಸನೆ. ಅಲ್ಲಿ ನಾನು ಹೆಚ್ಚು ನಿಲ್ಲುವುದಿಲ್ಲ.

ಶೇಡಬಾಳದ ಹಾದಿಯಲ್ಲಿ ಮಾತ್ರ ಚಪ್ಪಲಿ ಕೈಗೆ ತೆಗೆದುಕೊಂಡು ಸ್ವಲ್ಪ ದೂರ ಬರಿಗಾಲಲ್ಲಿ ಹೋಗುತ್ತೇನೆ. ನಡಿಗೆಯನ್ನೇ ಬಾಳಾಗಿ ಮಾಡಿಕೊಂಡ ಜೈನ ಮುನಿಗಳ ಸೀಮೆ ಇದು. ಆಚಾರ್ಯ ವಿದ್ಯಾನಂದರು 1925ರಲ್ಲಿ ಹುಟ್ಟಿದ್ದು ಶೇಡಬಾಳದಲ್ಲಿ. ಚಿಕ್ಕೋಡಿ ಕಡೆಯ ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 1968ರಲ್ಲಿ ಅಜ್ಮೇರದಲ್ಲಿ ಮುನಿದೀಕ್ಷೆ ಪಡೆದರು. 2024ರ ಫೆಬ್ರುವರಿಯಲ್ಲಿ ಛತ್ತೀಸಗಢದ ಡೋಂಗರಗಢದಲ್ಲಿ ದೇಹ ಬಿಡುವ ತನಕ ಬರಿಗಾಲಲ್ಲೇ ವಿಹಾರ ಮಾಡಿದರು. ಎರಡು ಫರ್ಲಾಂಗಿಗೇ ನನ್ನ ಅಂಗಾಲಿಗೆ ಮಡ್ಡಿಯ ಹರಳು ಒತ್ತುತ್ತವೆ. ಆದರೂ ಕಬ್ಬಿನ ಗದ್ದೆ ಬದಿಯ ಮಣ್ಣಿನ ತಂಪು, ಬೋಳು ಹೊಲದ ಎದುರಿನ ಕಾವು, ಇವು ಕಾಲಿಗೆ ಬೇರೆಬೇರೆಯಾಗಿ ಗೊತ್ತಾಗುವುದು ಆಗಲೇ.

ಕಾಗವಾಡದ ಅಂಗಡಿಯಲ್ಲಿ ಒಬ್ಬರಿಗೆ ಮರಾಠಿಯಲ್ಲಿ, ನನಗೆ ಕನ್ನಡದಲ್ಲಿ, ಒಂದೇ ಉಸಿರಿನಲ್ಲಿ ಮಾತು. ಪಡುವಣಕ್ಕೆ ಹೋದರೆ ಮಿರಜ, ಮೂಡಣಕ್ಕೆ ಅಥಣಿ.

"ಅಥಣಿ ಬಸ್ಸು ಈಗ ಬರತೈತ್ರಿ, ಇಲ್ಲೇ ನಿಲ್ಲತೈತಿ."

ಬಸ್ಸು ಬಂತು, ನಿಂತಿತು. ನಾನು ಚಪ್ಪಲಿಯ ಧೂಳು ಜಾಡಿಸಿ ಇನ್ನೊಂದು ಚಾ ಹೇಳಿದೆ.