ಎಕ್ಕೆಯ ನೆಂಟರು

ವಿದೇಶಕ್ಕೆ ಹೋಗಿ ಬಂದವರನ್ನು ಏನೇನು ನೋಡಿದಿರೆಂದು ಕೇಳುವುದು ವಾಡಿಕೆ. ನ್ಯೂಜೆರ್ಸಿಯ ಮಗಳ ಮನೆಯಲ್ಲಿ ಎರಡು ತಿಂಗಳಿದ್ದ ನಾನು ಹೆಚ್ಚಾಗಿ ನೋಡಿದ್ದು ಹಿತ್ತಲಿನ ಬೇಲಿಯನ್ನು. ಅಲ್ಲಿ ಹಿಡಿದ ಚಿಟ್ಟೆಯ ಛಾಯಾಚಿತ್ರಗಳನ್ನು ತೋರಿಸಿದರೆ, "ಇದಕ್ಕಾಗಿ ಅಷ್ಟು ದೂರ ಹೋಗಬೇಕಾಗಿತ್ತೆ?" ಎಂದು ಮಿತ್ರರು ನಗುತ್ತಾರೆ. ಹೋಗಬೇಕಾಗಿತ್ತು ಎಂದೇ ನನ್ನ ಉತ್ತರ.

ನಾನು ಬೆಳೆದುದು ಆಳಂದ ತಾಲ್ಲೂಕಿನ ನರೋಣಾದಲ್ಲಿ. ತೊಗರಿ ಹೊಲಗಳ ಬದುವಿನಲ್ಲಿ ಎಕ್ಕೆಗೇನೂ ಬರವಿರಲಿಲ್ಲ. ಶನಿವಾರ ಹನುಮಂತದೇವರ ಮಾಲೆಗೆ ಎಲೆ ಕೊಯ್ಯಲು ಹೋದಾಗ, ಎಲೆಯ ಬೆನ್ನಿಗೆ ಪಟ್ಟೆಪಟ್ಟೆಯ ಹುಳು ಅಂಟಿಕೊಂಡಿರುತ್ತಿತ್ತು. ಮೈಮೇಲೆ ಕೊಂಬಿನಂಥ ಮೂರು ಜೊತೆ ಕರಿಯ ಎಳೆಗಳು. ಅದೇ ಮುಂದೆ ಕಿತ್ತಳೆ ಬಣ್ಣದ ಪಾತರಗಿತ್ತಿಯಾಗುವುದನ್ನು ಬಲ್ಲೆವು. ಪ್ಲೇನ್ ಟೈಗರ್ ಎಂಬ ಅದರ ಹೆಸರು ತಿಳಿದದ್ದು ಎಷ್ಟೋ ವರ್ಷಗಳ ತರುವಾಯ.

ನ್ಯೂಜೆರ್ಸಿಯ ಬೇಲಿಗೆ ಜುಲೈ ತಿಂಗಳಲ್ಲಿ ಬಂದದ್ದೂ ಕಿತ್ತಳೆ ಬಣ್ಣದ್ದೇ. ಗಾತ್ರದಲ್ಲಿ ದೊಡ್ಡದು, ರೆಕ್ಕೆಯ ನರಗಳಿಗೆಲ್ಲ ಕಾಡಿಗೆ ತೀಡಿದಂತಿತ್ತು. ಅಮೆರಿಕದ ಹೆಸರಾಂತ ಮೊನಾರ್ಕ್ ಇದೇ ಇರಬೇಕು. ಆದರೆ ಅಲ್ಲಿ ವೈಸ್‌ರಾಯ್ ಎಂಬ ತದ್ರೂಪಿಯೊಂದುಂಟು. ಅದರ ಹಿಂದಿನ ರೆಕ್ಕೆಗೆ ಅಡ್ಡಲಾಗಿ ಒಂದು ಕರಿಗೆರೆ ಹೆಚ್ಚು. ಹಾರುವಾಗ ಅದು ಕಾಣದು, ಛಾಯಾಚಿತ್ರವೇ ಬೇಕು. ಬೆಳಗಿನ ತಂಪಿನಲ್ಲಿ ಚಿಟ್ಟೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತದೆ. ಆಗ ನಮ್ಮ ನೆರಳು ಬೀಳದಂತೆ ಮೊಣಕಾಲೂರಿ ಹತ್ತಿರ ಸರಿಯಬೇಕು (68ರ ಮೊಣಕಾಲಿಗೆ ಇದು ಸಣ್ಣ ಶಿಕ್ಷೆಯಲ್ಲ!). ರೆಕ್ಕೆಯ ಮೇಲ್ಬದಿ, ಕೆಳಬದಿ ಎರಡನ್ನೂ ಹಿಡಿಯಬೇಕು. ಮೊಟ್ಟೆಯಿಟ್ಟ ಗಿಡವನ್ನಂತೂ ಬಿಡಲೇಬಾರದು.

ಆ ಗಿಡದ ಎಲೆ ಚಿವುಟಿದೆ. ಬೆಳ್ಳಗೆ ಹಾಲು ಸುರಿಯಿತು. ಮಿಲ್ಕ್‌ವೀಡ್, ನಮ್ಮ ಎಕ್ಕೆಯ ಕುಟುಂಬದ್ದೇ! ಎರಡೂ ಕಡೆಯ ಹುಳುಗಳು ಆ ಹಾಲಿನ ವಿಷವನ್ನೇ ಮೈಗೂಡಿಸಿಕೊಂಡು ಹಕ್ಕಿಗಳ ಕೊಕ್ಕಿನಿಂದ ಪಾರಾಗುತ್ತವೆ. ಒಂಬತ್ತು ವರ್ಷದ ಮೊಮ್ಮಗ ಎಲೆ ಮಗುಚಿ ಹುಳುವಿನ ಕೊಂಬುಗಳನ್ನೆಣಿಸಿದ: ಎರಡೇ ಜೊತೆ. "ಅಜ್ಜಾ, ನರೋಣಾದಾಗ ಮೂರು ಅವ ಅಂತಿ, ನನಗ ತೋರಸ್ತಿ ಏನು?" ಎಂದ. ಅವನಿನ್ನೂ ಊರು ಕಂಡಿಲ್ಲ.

ಆ ಗಿಡಗಳನ್ನು ಕಿತ್ತು ಮೆಂತೆ ಹಾಕಬೇಕೆಂದು ಮಗಳ ಮನಸ್ಸಿನಲ್ಲಿತ್ತು. ನಾವಿಬ್ಬರೂ ಅವಳಿಗೆ ಚಿಟ್ಟೆಯ ಕಥೆ ಹೇಳಿದೆವು. ಬೇಸಗೆಯ ಮೊನಾರ್ಕಿಗೆ ಕೆಲವೇ ವಾರಗಳ ಆಯುಸ್ಸು. ಕಡೆಯ ತಲೆಮಾರಿನದು ಮಾತ್ರ ಎಂಟು ತಿಂಗಳವರೆಗೂ ಬದುಕಿ, ಸಾವಿರಾರು ಕಿಲೋಮೀಟರ್ ಹಾರಿ ಮೆಕ್ಸಿಕೋದ ಬೆಟ್ಟಗಳ ಮರಗಳನ್ನು ಸೇರುತ್ತದೆ. ಆ ಮರಗಳನ್ನು ಕಂಡಿದ್ದವಳು ಅದರ ಮುತ್ತಜ್ಜಿ. ದಾರಿ ತೋರಿಸುವವರು ಯಾರೂ ಇಲ್ಲ. ಆ ತಾಣ ಹೊರಲೋಕಕ್ಕೆ ತಿಳಿದದ್ದೇ 1975ರಲ್ಲಿ. ಹೊಲಗಳಲ್ಲಿ ಕಳೆನಾಶಕಕ್ಕೆ ಸಿಕ್ಕು ಮಿಲ್ಕ್‌ವೀಡ್ ಕಡಿಮೆಯಾದುದು ಈ ಚಿಟ್ಟೆಗಳ ಸಂಖ್ಯೆ ಕುಗ್ಗಲು ಒಂದು ಮುಖ್ಯ ಕಾರಣ. ಮಗಳು ಏನೂ ಹೇಳಲಿಲ್ಲ. ಮರುದಿನ ಮೆಂತೆಯನ್ನು ಕುಂಡದಲ್ಲಿ ಬಿತ್ತಿದಳು.

ನಾನು ಕಲಬುರಗಿಗೆ ಮರಳಿದ ಮೇಲೆ, ಸೆಪ್ಟೆಂಬರಿನಲ್ಲಿ, ಮೊಮ್ಮಗನಿಂದ ಒಂದು ಚಿತ್ರ ಬಂತು: ಬರಿದಾದ ಕೋಶ, ಪಕ್ಕದಲ್ಲಿ ರೆಕ್ಕೆ ಒಣಗಿಸಿಕೊಳ್ಳುತ್ತಿರುವ ಹೊಸ ಚಿಟ್ಟೆ. ಡಿಸೆಂಬರಿನ ರಜೆಗೆ ಅವನು ಬರುತ್ತಾನಂತೆ. ಬದು ಸವರುವಾಗ ಎಕ್ಕೆಯ ಗಿಡಗಳನ್ನು ಮುಟ್ಟಬಾರದೆಂದು ನರೋಣಾದ ತಮ್ಮನಿಗೆ ಹೇಳಿಕಳುಹಿಸಿದ್ದೇನೆ.