ಏಪ್ರಿಲ್ ಆರರ ಹೊಸ ವರ್ಷ

ಜನವರಿ ಒಂದು, ಯುಗಾದಿ, ಬ್ಯಾಂಕಿನವರ ಏಪ್ರಿಲ್ ಒಂದು. ಈ ಮೂರು ಹೊಸ ವರ್ಷಗಳ ನಡುವೆ ಬೆಳೆದ ನನಗೆ ಇಂಗ್ಲೆಂಡಿಗೆ ಬಂದಮೇಲೆ ನಾಲ್ಕನೆಯದೊಂದು ಸಿಕ್ಕಿತು. ಇಲ್ಲಿ ತೆರಿಗೆಯ ವರ್ಷ ಶುರುವಾಗುವುದು ಏಪ್ರಿಲ್ 6ಕ್ಕೆ. 1752ರಲ್ಲಿ ಇವರು ಕ್ಯಾಲೆಂಡರ್ ಬದಲಿಸಿ ಸೆಪ್ಟೆಂಬರಿನ 11 ದಿನ ನುಂಗಿಹಾಕಿದರು. ಮಾರ್ಚ್ 25ಕ್ಕೆ ಆಗುತ್ತಿದ್ದ ವರ್ಷಾರಂಭ ಆ ಲೆಕ್ಕದಲ್ಲಿ ಮುಂದಕ್ಕೆ ಸರಿಯಿತಂತೆ. ಕೇಳಲು ಮಜವಾಗಿದೆ. ಬೆಂಗಳೂರಿನ ಬಿಲ್ಲುಗಳನ್ನು ಎರಡು ದೇಶಗಳ ವರ್ಷಕ್ಕೆ ಹೊಂದಿಸಲು ಕೂತಾಗ ಅಷ್ಟೇನೂ ಮಜ ಅನ್ನಿಸಲ್ಲ.

ಗಂಡನ ಕೆಲಸದ ದೆಸೆಯಿಂದ ಬಂದವಳು ನಾನು. ವೀಸಾದಲ್ಲಿ ನನ್ನ ಹೆಸರಿನ ಜೊತೆ ‘ಡಿಪೆಂಡೆಂಟ್’ ಎಂದಿದೆ. ನನ್ನದು ಅಂತ ಇದ್ದದ್ದು ಬೆಂಗಳೂರಿನ ಎರಡು ಕಂಪನಿಗಳ ಅನುವಾದದ ಕೆಲಸ. ಮೊದಲಿನ ಹಾಗೇ ಶೇ 10 ಟಿಡಿಎಸ್ ಹಿಡಿದು ಊರಿನ ಖಾತೆಗೆ ಹಾಕ್ತೀವಿ ಎಂದರು ಇಬ್ಬರೂ.

ಆದರೆ ನಾನೀಗ ಇಲ್ಲಿನ ನಿವಾಸಿ. ಎಲ್ಲಿಂದ ದುಡ್ಡು ಬಂದರೂ ಇಲ್ಲಿ ಲೆಕ್ಕ ಕೊಡಬೇಕು. ಒಂದೇ ಗಳಿಕೆಗೆ ಎರಡು ಕಡೆ ತೆರಿಗೆ ಬೀಳದಿರಲೆಂದು ಭಾರತ ಮತ್ತು ಬ್ರಿಟನ್ ನಡುವೆ 1993ರ ಒಪ್ಪಂದವಿದೆ. ಅದರ ಪ್ರಯೋಜನ ಸಿಗಬೇಕಾದರೆ ನಾನು ಇಲ್ಲಿಯ ತೆರಿಗೆ ಇಲಾಖೆಯಿಂದ ವಾಸದ ಪ್ರಮಾಣಪತ್ರ ತರಬೇಕು, ಒಂದು ಫಾರಂ ತುಂಬಬೇಕು. ಕಂಪನಿ ನನ್ನನ್ನು ಅನಿವಾಸಿ ಎಂದು ತೋರಿಸಿ, ಆಡಿಟರ್ ಕೈಲಿ ನೋಡಿಸಿ ಹಣ ಕಳಿಸಬೇಕು. ಆಡಿಟರ್ ಪುಕ್ಕಟೆ ನೋಡ್ತಾರಾ?

ಒಂದು ಕಂಪನಿಯ ಅಕೌಂಟ್ಸ್‌ನವರು ಫೋನ್ ಮಾಡಿದರು. “ಯಾಕೆ ಮೇಡಂ ತಲೆನೋವು? ನಿಮ್ಮ ತಂದೆಯವರ ಹೆಸರಲ್ಲಿ ಬಿಲ್ ಕೊಟ್ಬಿಡಿ, ಅವರ ಪ್ಯಾನ್ ನಂಬರ್ ಹಾಕಿ. ಎಲ್ರೂ ಹಾಗೇ ಮಾಡೋದು.”

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಅಪ್ಪ ಎಪ್ಪತ್ತೆರಡನೇ ವಯಸ್ಸಿನಲ್ಲಿ ಅನುವಾದಕರಾಗಿಬಿಡುತ್ತಿದ್ದರು! ನಗು ಬಂತು, ಆಮೇಲೆ ಸಿಟ್ಟು. ನಾಳೆ ನೋಟಿಸು ಬಂದರೆ ಅದು ಬರುವುದು ಅವರ ಬಾಗಿಲಿಗೆ. ಅದಕ್ಕಿಂತ ಹೆಚ್ಚಾಗಿ, ರಾತ್ರಿಯೆಲ್ಲ ಕೂತು ಪದ ಹುಡುಕಿದವಳು ನಾನು. ಆ ಹೆಸರನ್ನೂ ತೆಗೆದರೆ ನನ್ನ ಪಾಲಿಗೆ ಉಳಿಯುವುದು ವೀಸಾದ ಮೇಲಿನ ಆ ಒಂದು ಪದ. ಆಗಲ್ಲ ಎಂದೆ. “ಸರಿ ಮೇಡಂ, ಕೆಲಸ ಇದ್ದಾಗ ಹೇಳ್ತೀವಿ” ಎಂದರು. ಹೇಳಲಿಲ್ಲ. ಇನ್ನೊಂದು ಕಂಪನಿ, ಆಡಿಟರ್ ಖರ್ಚಿನಲ್ಲಿ ಅರ್ಧ ನಾನು ಕೊಡುವ ಕರಾರಿನ ಮೇಲೆ ಒಪ್ಪಿತು.

ಜನವರಿ 31ರ ಗಡುವಿಗೆ ಮುಂಚೆ ರಿಟರ್ನ್ ತುಂಬಿದೆ. 12,570 ಪೌಂಡ್‌ವರೆಗೆ ಆದಾಯ ತೆರಿಗೆಯಿಲ್ಲ. ನನ್ನದು ಅದರ ಹತ್ತಿರಕ್ಕೂ ಇಲ್ಲ. ಕಟ್ಟಬೇಕಾದ್ದು ಸೊನ್ನೆ. ಆದರೂ ನ್ಯಾಷನಲ್ ಇನ್ಶೂರೆನ್ಸ್‌ಗೆ ಸ್ವಇಚ್ಛೆಯಿಂದ ಕಟ್ಟುವ ಅವಕಾಶವಿತ್ತು, 2024-25ಕ್ಕೆ ವಾರಕ್ಕೆ 3.45 ಪೌಂಡ್. ಕಟ್ಟಿದೆ.

“ಬೇಡ ಅಂದ್ರೂ ಯಾಕಮ್ಮ ಕಟ್ತೀಯ?” ಎಂದರು ಅಪ್ಪ ಫೋನಿನಲ್ಲಿ.

“ಹತ್ತು ವರ್ಷದ ಲೆಕ್ಕ ತುಂಬಿದ್ರೆ ಮುಂದೆ ನಂಗೂ ಒಂಚೂರು ಪಿಂಚಣಿ ಬರುತ್ತೆ ಅಪ್ಪ, ನಿಮ್ಮ ಹಾಗೆ.”

ಮೇಷ್ಟ್ರು ಆಗಲೇ ಗುಣಾಕಾರ ಶುರುಮಾಡಿದ್ದರು.