ಸನಿಕೆ ಒಂದೇ

ಮಾಸ್ತಿಗೆ ಹೋಗಿದ್ವಿ ಅಂದ ತಕ್ಷಣ ಕ್ಲಬ್ಬಿನವರು ಕೇಳೋ ಮೊದಲ ಪ್ರಶ್ನೆ, "ಚಿಕವೀರ ರಾಜೇಂದ್ರ ಓದಿದ್ದೀರಾ?" ಇನ್ನೂ ಓದಿಲ್ಲ. ನಾವಿಬ್ಬರೂ ಇಂಗ್ಲಿಷ್ ಮೀಡಿಯಂ, ಈ ಲೇಖನ ಬರೆಯೋಕೇ ನಾಲ್ಕು ಸಂಜೆ ಹಿಡೀತು. ನಮಗೆ ಮಾಸ್ತಿ ಅಂದ್ರೆ ತಾತನ ಊರು. ಲೆಕ್ಕಕ್ಕೆ ಅವರು ನಮ್ಮಲ್ಲಿ ಒಬ್ಬರಿಗೆ ಮಾತ್ರ ತಾತ. ಫಸ್ಟ್ ಇಯರ್‌ನಿಂದ ಪ್ರತಿ ರಜೆಗೂ ಜೊತೆಯಲ್ಲೇ ಹೋಗಿ ಹೋಗಿ ಈಗ ಇಬ್ಬರಿಗೂ ತಾತನೇ. ಆ ತಾತನ ಬೋರ್‌ವೆಲ್ ಮೋಟರನ್ನು ನಾವು ಸುಟ್ಟ ಕಥೆ ಇದು.

ಶುರುವಾಗಿದ್ದು ಥರ್ಡ್ ಸೆಮ್ ಸೆಮಿನಾರ್‌ನಿಂದ. ನಮ್ಮ ಟಾಪಿಕ್ ಪಾರ್ಟಿಷನ್ ಮಾಡಿದ ದೊಡ್ಡ ಸರ್ವರ್‌ಗಳು. ಹೊರಗಿನಿಂದ ಒಂದೇ ಬೀರು, ಒಳಗೆ ಬೇರೆ ಬೇರೆ ಕಂಪ್ಯೂಟರ್. 2001ರಲ್ಲಿ ಬಂದ ಸನ್ ಫೈರ್ 6800ರಲ್ಲಿ 24ರವರೆಗೆ ಪ್ರೊಸೆಸರ್ ಇರ್ತಿದ್ವು, ಅದನ್ನು 4 ಡೊಮೈನ್‌ವರೆಗೆ ಭಾಗ ಮಾಡಬಹುದಿತ್ತು. ಒಂದು ಡೊಮೈನ್ ಕೆಲಸ ಮಾಡ್ತಿರುವಾಗಲೇ ಪಕ್ಕದ್ದನ್ನು ರೀಬೂಟ್ ಮಾಡಬಹುದು. ಯಾವ ಬೋರ್ಡು ಯಾವ ಭಾಗಕ್ಕೆ ಸೇರಿದ್ದು, ಯಾವುದಕ್ಕೆ ಪವರ್ ಕೊಡಬೇಕು, ಫ್ಯಾನ್ ತಿರುಗ್ತಿದೆಯಾ, ಬಿಸಿ ಎಷ್ಟಾಗಿದೆ ಅಂತ ನೋಡಿಕೊಳ್ಳೋಕೆ ಒಳಗೇ ಒಂದು ಪುಟ್ಟ ಕಂಪ್ಯೂಟರ್ ಇರುತ್ತೆ. ಅದೇ ಮ್ಯಾನೇಜ್‌ಮೆಂಟ್ ಪ್ರೊಸೆಸರ್. ಅದರದ್ದು ಮೇಸ್ತ್ರಿ ಕೆಲಸ. ಗಾರೆ ಕಲಸೋದು ಬೇರೆಯವರು.

ಮೇಸ್ತ್ರಿ ಕೈ ಕೊಟ್ಟರೆ? ಅದಕ್ಕೇ ಎರಡು ಇಡ್ತಾರೆ. 6800ರಲ್ಲಿ ಎರಡು ಸಿಸ್ಟಮ್ ಕಂಟ್ರೋಲರ್: ಒಂದು ಮುಖ್ಯ, ಇನ್ನೊಂದು ಸ್ಪೇರ್. ಐಬಿಎಂ ಮೇನ್‌ಫ್ರೇಮ್‌ಗಳಲ್ಲಿ ಬಹಳ ವರ್ಷ ಕ್ಯಾಬಿನೆಟ್ ಒಳಗಡೆಯೇ ಎರಡು ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ಕೂರಿಸಿರ್ತಿದ್ರು, ಇದೇ ಕೆಲಸಕ್ಕೆ. ಮುಖ್ಯದವನು ಆಗಾಗ "ಇದ್ದೀನಿ" ಅಂತ ಸಿಗ್ನಲ್ ಕಳಿಸ್ತಾನೆ. ಇದಕ್ಕೆ ಹಾರ್ಟ್‌ಬೀಟ್ ಅಂತಾರೆ. ಅದು ನಿಂತರೆ ಸ್ಪೇರ್ ಅಧಿಕಾರ ವಹಿಸಿಕೊಳ್ಳುತ್ತೆ. ಅದೇ ಫೇಲ್‌ಓವರ್. ಇಷ್ಟೆಲ್ಲ ಆಗುವಾಗ ಡೊಮೈನ್‌ಗಳು ತಮ್ಮ ಪಾಡಿಗೆ ಓಡ್ತಿರುತ್ತವೆ. ಸೆಮಿನಾರ್‌ನಲ್ಲಿ ಒಳ್ಳೇ ಮಾರ್ಕ್ಸ್ ಬಂತು. ತಲೆಗೂ ಏರಿತು.

ತಾತನ ಬೋರ್‌ವೆಲ್ 1,200 ಅಡಿ. ತ್ರೀ ಫೇಸ್ ಕರೆಂಟ್ ಬರೋದು ಹೆಚ್ಚಾಗಿ ರಾತ್ರಿ. 74 ವರ್ಷದ ಮನುಷ್ಯ ಟಾರ್ಚ್ ಹಿಡಿದು, ಹಾವು ಹುಳದ ಮಧ್ಯೆ ಸ್ಟಾರ್ಟರ್ ಒತ್ತೋಕೆ ಹೋಗ್ಬೇಕು. ಮಿನಿ ಪ್ರಾಜೆಕ್ಟ್‌ಗೆ ಇದಕ್ಕಿಂತ ಒಳ್ಳೇ ಐಡಿಯಾ ಇಲ್ಲ ಅನಿಸ್ತು. ಕರೆಂಟ್ ಬಂದರೆ ಮೋಟರ್ ಹಾಕುತ್ತೆ, ನೀರು ಕಮ್ಮಿಯಾಗಿ ಮೋಟರ್ ಒಣಗಿ ಓಡಿದರೆ ನಿಲ್ಲಿಸುತ್ತೆ, ಅರ್ಧ ಗಂಟೆ ಕಾದು ಮತ್ತೆ ಹಾಕುತ್ತೆ. ಒಂದು ಬೋರ್ಡು ಸಾಕಿತ್ತು. ಆದರೆ ನಾವು ಸೆಮಿನಾರ್ ಹೀರೋಗಳಲ್ವಾ? ಎರಡು ಬೋರ್ಡು ಹಾಕಿದ್ವಿ, ಮಧ್ಯೆ ಹಾರ್ಟ್‌ಬೀಟ್‌ಗೆ ಒಂದು ವೈರು.

ದುಡ್ಡು ಉಳಿಸೋಕೆ ಮೋಟರ್ ಎಳೆಯೋ ಕರೆಂಟ್ ಅಳೆಯುವ ಸೆನ್ಸರ್ ಒಂದೇ ತಂದಿದ್ವಿ. ಅದು ಮೊದಲನೇ ಬೋರ್ಡಿಗೆ. ಎರಡನೆಯದು ಅದೇ ವೈರಿನ ಮೇಲೆ ಕೇಳಿ ತಿಳ್ಕೋಬೇಕು.

ಫೆಬ್ರವರಿಯ ಒಂದು ರಾತ್ರಿ ಇಲಿ ಆ ವೈರು ಕಡಿದಿದೆ. ಎರಡೂ ಬೋರ್ಡು ಚೆನ್ನಾಗೇ ಇದ್ವು. ಆದರೆ ಎರಡನೆಯದಕ್ಕೆ ಹಾರ್ಟ್‌ಬೀಟ್ ಬರಲಿಲ್ಲ, ಮೊದಲನೆಯದು ಸತ್ತಿದೆ ಅಂದ್ಕೊಂಡು ಅಧಿಕಾರ ತಗೊಂಡ್ತು. ಮೊದಲನೆಯದು ಇಳಿಯಲೇ ಇಲ್ಲ. ನೀರು ಕಮ್ಮಿಯಾದಾಗ ಮೊದಲನೆಯದು ಮೋಟರ್ ನಿಲ್ಲಿಸಿತು. ಎರಡನೆಯದು ನೋಡಿತು: ಕರೆಂಟ್ ಇದೆ, ಮೋಟರ್ ಓಡ್ತಿಲ್ಲ, ಹಾಕು. ಮೊದಲನೆಯದು ಮತ್ತೆ ನಿಲ್ಲಿಸಿತು. ಬೆಳಗಿನ ಜಾವದವರೆಗೂ ಹೀಗೇ ಹಗ್ಗಜಗ್ಗಾಟ. ಸ್ಟಾರ್ಟ್ ಆದಾಗಲೆಲ್ಲ ಮೋಟರ್ ಹಲವು ಪಟ್ಟು ಕರೆಂಟ್ ಎಳೆಯುತ್ತೆ. ಬಿಸಿ ಆರೋಕೆ ಪುರುಸೊತ್ತೇ ಇಲ್ಲದೆ ವೈಂಡಿಂಗ್ ಸುಟ್ಟುಹೋಯ್ತು. ನಮ್ಮ ಫೀಲ್ಡಿನಲ್ಲಿ ಇದಕ್ಕೆ ಸ್ಪ್ಲಿಟ್ ಬ್ರೈನ್ ಅಂತಾರೆ. ಸ್ಲೈಡ್ ನಂಬರ್ 11ರಲ್ಲಿ ನಾವೇ ಬರೆದಿದ್ವಿ.

1,200 ಅಡಿಯಿಂದ ಮೋಟರ್ ಎತ್ತಿ, ರೀವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋಕೆ 9 ದಿನ. ಟೊಮ್ಯಾಟೊ ಹೂವಿಗೆ ಬಂದಿತ್ತು. ಅರ್ಧಕ್ಕರ್ಧ ಹೂವು ಉದುರಿಹೋಯ್ತು. ನಾವು ಹೋದಾಗ ತಾತ ಬೈಯಲಿಲ್ಲ. "ಊಟ ಮಾಡ್ರಪ್ಪಾ ಮೊದ್ಲು" ಅಂದ್ರು. ಬೈದಿದ್ದರೆ ಊಟ ಸೇರ್ತಿತ್ತೇನೋ.

ಅವತ್ತು ಸಂಜೆ ಪಕ್ಕದ ಹೊಲದ ಅಜ್ಜ ಬಂದ್ರು. ಹಿಂದೆ ಕೆರೆಯ ನೀರಗಂಟಿ ಆಗಿದ್ದವರು. ತೂಬು ತೆಗೆದು ಮುಚ್ಚೋದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚೋದು, ಜೋರು ಮಳೆಗೆ ಏರಿ ಕಾಯೋದು ನೀರಗಂಟಿ ಕೆಲಸ. ಅವನು ಉಳುವುದಿಲ್ಲ, ನೀರು ಮಾತ್ರ ನೋಡಿಕೊಳ್ತಾನೆ. ನಮಗೆ ತಕ್ಷಣ ಹೊಳೀತು: ಕೆರೆಗೂ ಒಬ್ಬ ಮ್ಯಾನೇಜ್‌ಮೆಂಟ್ ಪ್ರೊಸೆಸರ್ ಇದ್ದ. ನಮ್ಮ ಕಥೆ ಕೇಳಿ ಅವರು ನಕ್ಕರು.

"ನಾವೂ ಇಬ್ರೇ ಕಣ್ರಪ್ಪಾ, ನಾನು ನಮ್ಮಣ್ಣ. ಅಣ್ಣಂಗೆ ಜ್ವರ ಬಂದ್ರೆ ನಾನು ಹೋಗ್ತಿದ್ದೆ. ಆದ್ರೆ ಸನಿಕೆ ಒಂದೇ. ಅಣ್ಣನ ಕೈಯಿಂದ ಸನಿಕೆ ಇಸ್ಕೊಳ್ದೆ ನಾನು ತೂಬಿನ ಹತ್ರ ಕಾಲಿಡ್ತಿರ್ಲಿಲ್ಲ. ಯಾವ ಗದ್ದೆಗೆ ಎಷ್ಟಾಯ್ತು ಅಂತ ಕೇಳ್ಕೊಂಡೇ ಹೋಗ್ಬೇಕು. ಇಲ್ದಿದ್ರೆ ಅವನು ಮುಚ್ಚಿದ್ದನ್ನ ನಾನು ತೆಗೀತೀನಿ."

ದೊಡ್ಡ ಸಿಸ್ಟಮ್‌ಗಳೂ ಇದನ್ನೇ ಮಾಡ್ತವೆ. ಕ್ಲಸ್ಟರ್‌ಗಳಲ್ಲಿ ಇದಕ್ಕೆ ಫೆನ್ಸಿಂಗ್ ಅಂತ ಹೆಸರು. ಹೊಸಬ ಕೆಲಸ ಶುರು ಮಾಡೋ ಮುಂಚೆ, ಹಳಬ ನಿಜವಾಗಿಯೂ ನಿಂತಿದ್ದಾನೆ ಅಂತ ಖಾತ್ರಿ ಮಾಡ್ಕೊಬೇಕು. ಅನುಮಾನ ಇದ್ದರೆ ಅವನ ಪವರ್ ತೆಗೆಯಬೇಕು. ಅನೇಕ ಸಲ ಆ ಪವರ್ ತೆಗೆಯೋ ಆಜ್ಞೆ ಹೋಗೋದು ಹಳಬನ ಮ್ಯಾನೇಜ್‌ಮೆಂಟ್ ಪ್ರೊಸೆಸರ್ ಮೂಲಕವೇ. ಉತ್ತರ ಬರಲಿಲ್ಲ ಅಂದ ಮಾತ್ರಕ್ಕೆ ಸತ್ತ ಅಂತಲ್ಲ. ನಾವು ಎರಡನೇ ಬೋರ್ಡ್ ಇಟ್ಟಿದ್ವಿ, ಸನಿಕೆ ಒಂದೇ ಇರಬೇಕು ಅನ್ನೋದನ್ನು ಮರೆತಿದ್ವಿ. ಗದ್ದೆ ಲೆಕ್ಕವನ್ನೂ ಅದಕ್ಕೆ ಸರಿಯಾಗಿ ಹೇಳಿಕೊಟ್ಟಿರಲಿಲ್ಲ.

ಈ ರಜೆಯಲ್ಲಿ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದ್ದೀವಿ. ಮಧ್ಯೆ ಒಂದೇ ಚೇಂಜ್‌ಓವರ್ ರಿಲೇ. ಅದು ಯಾವ ಕಡೆ ವಾಲಿದೆಯೋ ಆ ಬೋರ್ಡಿನ ಮಾತು ಮಾತ್ರ ಸ್ಟಾರ್ಟರ್‌ಗೆ ಮುಟ್ಟುತ್ತೆ. ಎರಡೂ ಒಟ್ಟಿಗೆ ಮಾತಾಡೋಕೆ ದಾರಿಯೇ ಇಲ್ಲ. ಸೆನ್ಸರ್ ಎರಡಕ್ಕೂ ಒಂದೊಂದು. ಪ್ರತಿ ಭಾನುವಾರ ಬೇಕಂತಲೇ ಮೊದಲನೆಯದನ್ನು ಆಫ್ ಮಾಡಿ, ಸ್ಪೇರ್ ಏಳುತ್ತಾ ಅಂತ ನೋಡ್ಬೇಕು. ಆ ಡ್ಯೂಟಿ ಪಕ್ಕದ ಹೊಲದ ಅಜ್ಜನೇ ಕೇಳಿ ತಗೊಂಡಿದ್ದಾರೆ.

ತಾತ ಮಾತ್ರ ಒಂದು ಷರತ್ತು ಹಾಕಿದ್ರು. ಹಳೇ ಹಸಿರು ಬಟನ್ ತೆಗೀಬಾರದು, ನಿಮ್ಮ ಎರಡೂ ಡಬ್ಬಿ ಕೆಟ್ಟರೂ ಅದು ಕೆಲಸ ಮಾಡ್ಬೇಕು ಅಂತ. ಒಪ್ಪಿದ್ವಿ. ಹೋದ ವಾರ ಫೋನ್ ಮಾಡಿದಾಗ, ಅದನ್ನು ಇನ್ನೂ ಒತ್ತಿಲ್ಲ ಅಂದ್ರು. ಆದರೆ ರಾತ್ರಿ ಒಂದು ಸಲ ಎದ್ದು ಟಾರ್ಚ್ ಹಾಕಿ ನೋಡ್ಕೊಂಡು ಬರ್ತಾರಂತೆ. ಬೇಡ ಅನ್ನೋ ಧೈರ್ಯ ನಮಗಿನ್ನೂ ಬಂದಿಲ್ಲ.